ಒತ್ತಕ್ಷರಕ್ಕೆ ಜಾಗ

ಎರಡು ಮೊಟ್ಟೆಯ ಬಿಳಿಯನ್ನು ನೀಲ್ ಫೋರ್ಕಿನಿಂದ ಬಡಿಯುತ್ತಿದ್ದ. ಚರ್ಚಿನ ಹಾಲ್‌ಗೆ ಅಂಟಿಕೊಂಡ ಆ ಅಡುಗೆಮನೆಯಲ್ಲಿ ಇನ್ನೂರು ಕಾಫಿ ಕಪ್ಪುಗಳಿದ್ದವು, ಮೊಟ್ಟೆ ಕಡೆಯುವ ಒಂದು ಬೀಟರ್ ಇರಲಿಲ್ಲ. ಬಾಡಿಗೆಗೆ ತಂದ ಕರಿಕೋಟಿನ ತೋಳು ಮಡಚಿ, ಟೈಯನ್ನು ಹೆಗಲ ಹಿಂದಕ್ಕೆ ಎಸೆದುಕೊಂಡು, ಪಾತ್ರೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಬಡಿಯುತ್ತಲೇ ಇದ್ದ. ಪಿಯಾನೊ, ಫ್ರಿಜ್ಜು ಹೊತ್ತು ಮೂರು ಮಾಳಿಗೆ ಇಳಿಸುವ ಕೈ ಅದು. ಆದರೂ ಬಿಳಿ ಗಟ್ಟಿಯಾಗಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತಿತ್ತು. ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಅವನ ತಾಯಿ ಕ್ಲೋಟಿಲ್ಡಾಳ ಅಂತ್ಯಸಂಸ್ಕಾರದ ಪೂಜೆ.

"ಎಂತ ನಡೀತಾ ಉಂಟು ಇಲ್ಲಿ?"

ಬಾಗಿಲಲ್ಲಿ ವಿನೀತಾ ಆಂಟಿ ನಿಂತಿದ್ದಳು. ಅಪ್ಪನ ಅಕ್ಕ. ಕಿಸ್ಟಾ ಪೇಟೆಯ ಆಫೀಸಿನಲ್ಲಿ ಮೂವತ್ತು ಜನರನ್ನು ಕುಣಿಸುವವಳು. ಮೂರು ವಾರದಿಂದ ಈ ಸಾವನ್ನೂ ಹಾಗೇ ಕುಣಿಸುತ್ತಿದ್ದಳು. ಈ ಸ್ವೀಡಿಷರ ದೇಶದಲ್ಲಿ ಸತ್ತವರೂ ಸರತಿಯಲ್ಲಿ ಕಾಯಬೇಕು, ಮಣ್ಣು ಸೇರಲು ಮೂರೋ ನಾಲ್ಕೋ ವಾರ. ಅಷ್ಟರೊಳಗೆ ಪೆಟ್ಟಿಗೆಯ ಬಣ್ಣ, ಹೂವಿನ ಜಾತಿ, ಸ್ಯಾಂಡ್‌ವಿಚ್ ಕೇಕಿನ ಅಳತೆ, ಎಲ್ಲವೂ ಅವಳ ಫೋನಿನ ಪಟ್ಟಿಯಲ್ಲಿ ಒಂದೊಂದಾಗಿ ಟಿಕ್ ಆಗಿದ್ದವು.

"ಐಸಿಂಗ್," ಎಂದ ನೀಲ್, ತಲೆ ಎತ್ತದೆ.

"ಯಾರಿಗೆ?"

"ಬಂದವರಿಗೆ. ಒಂದೊಂದು ಪೆಪ್ಪರ್‌ಕಾಕಾದ ಮೇಲೂ ಮಮ್ಮಿಯ ಹೆಸರು ಬರೀತೇನೆ. ಸರಿಯಾಗಿ ಬರೀತೇನೆ."

ಮೇಜಿನ ಮೇಲೆ ನೀಲಿ ತಗಡಿನ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಒಳಗೆ ಎಂಬತ್ತರಷ್ಟು ಪೆಪ್ಪರ್‌ಕಾಕಾ. ಶುಂಠಿ, ಲವಂಗ ಹಾಕಿದ ಕಂದು ಬಿಸ್ಕತ್ತು, ಕ್ರಿಸ್ಮಸ್ ಬಂತೆಂದರೆ ಇಲ್ಲಿ ಪ್ರತಿ ಮನೆಯಲ್ಲೂ ಮಾಡುವಂಥದ್ದು. ಬೇರೆಯವರು ಹಂದಿ, ನಕ್ಷತ್ರ, ಹೃದಯದ ಅಚ್ಚು ಒತ್ತುತ್ತಾರೆ. ಕ್ಲೋಟಿಲ್ಡಾ ಲೋಟದ ಬಾಯಿಯಿಂದ ಬರೀ ದುಂಡಗೆ ಕತ್ತರಿಸುತ್ತಿದ್ದಳು. ದುಂಡಗಿದ್ದರೆ ಬರೆಯಲು ಜಾಗ ಹೆಚ್ಚು. ಈ ಸಲ ನವೆಂಬರಿನಲ್ಲೇ ಬೇಯಿಸಿಟ್ಟಿದ್ದಳು. ಐಸಿಂಗ್ ಹಾಕುವುದು ಡಿಸೆಂಬರಿನ ಎರಡನೇ ವಾರ. ಅಷ್ಟರಲ್ಲಿ ಒಂದು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಟವಳು ಬಸ್‌ಸ್ಟಾಪಿನ ಬೆಂಚಿನಲ್ಲಿ ಕುಳಿತಲ್ಲೇ ಪಕ್ಕಕ್ಕೆ ವಾಲಿದಳು. ಎರಡು ಬಸ್ಸು ನಿಂತು ಹೋದವು. ಮೂರನೆಯದರ ಡ್ರೈವರ್ ಇಳಿದು ನೋಡಿದ.

'ಸರಿಯಾಗಿ' ಎಂಬ ಮಾತು ಎಲ್ಲಿಗೆ ತಾಗಬೇಕಿತ್ತೋ ಅಲ್ಲಿಗೇ ತಾಗಿತು. ವಿನೀತಾ ಒಳಗೆ ಬಂದು ಬಾಗಿಲು ಹಾಕಿದಳು.

"ಬೆಳಿಗ್ಗೆಯಿಂದ ಅದನ್ನೇ ಹಿಡ್ಕೊಂಡಿದ್ದಿ. ಒಂದು ರಿಬ್ಬನ್ನು ಮಾರಾಯ."

ಒಂದು ರಿಬ್ಬನ್ನೇ. ಈ ಮೂರು ವಾರದಲ್ಲಿ ನೀಲ್ ಯಾವುದಕ್ಕೂ ಬಾಯಿ ಹಾಕಿರಲಿಲ್ಲ. ಪೆಟ್ಟಿಗೆ ಹೊರುತ್ತೇನೆ ಎಂದು ಕೇಳಿದ್ದ, ಅದಕ್ಕೆ ಅಂತ್ಯಕ್ರಿಯೆಯ ಕಂಪನಿಯವರೇ ಇದ್ದಾರೆ ಎಂದಿದ್ದರು, ಸುಮ್ಮನಾಗಿದ್ದ. ಪಟ್ಟು ಹಿಡಿದದ್ದು ಒಂದಕ್ಕೇ: ಮನೆಯವರ ಹೂಮಾಲೆಯ ರಿಬ್ಬನ್ನಿನ ಮೇಲೆ ತಾಯಿಯ ಹೆಸರು ಕನ್ನಡ ಅಕ್ಷರದಲ್ಲಿ ಇರಬೇಕು. ಅವರ ಮನೆಮಾತು ಕೊಂಕಣಿ, ಬರೆದರೆ ಅಕ್ಷರ ಕನ್ನಡದ್ದು, ಅವಳು ಬರೆದದ್ದೆಲ್ಲ ಅದರಲ್ಲೇ. ವಿನೀತಾ ಒಪ್ಪಿದ್ದಳು. ಹೂವಿನಂಗಡಿಯವರು ಅಚ್ಚಿಗೆ ಮೊದಲು ಚಿತ್ರ ಕಳಿಸಿ, ಸರಿಯಿದೆಯೇ ನೋಡಿ ಎಂದು ಕೇಳಿದ್ದರು. ವಿನೀತಾ ಮೆಟ್ರೊದಲ್ಲಿ ನಿಂತುಕೊಂಡು, ಎರಡು ಸ್ಟೇಷನ್ನಿನ ನಡುವೆ, ಸರಿಯಿದೆ ಎಂದು ಬೆರಳು ಒತ್ತಿದ್ದಳು. ಹತ್ತಿರದ್ದು ಓದಲು ಅವಳಿಗೆ ಕನ್ನಡಕ ಬೇಕು. ನಾಲ್ಕು ಜನರ ಎದುರು ಅದು ಬ್ಯಾಗಿನಿಂದ ಹೊರಗೆ ಬರುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ವ್ಯಾನಿನಿಂದ ಮಾಲೆ ಇಳಿಸಿಕೊಂಡವನು ನೀಲ್. ಬಿಳಿ ಸ್ಯಾಟಿನ್ನಿನ ಮೇಲೆ ಬಂಗಾರದ ಅಕ್ಷರ ಹೊಳೆಯುತ್ತಿತ್ತು: ಕಲೋಟಿಲಡಾ. ಅವರ ಯಂತ್ರಕ್ಕೆ ಒತ್ತಕ್ಷರ ಗೊತ್ತಿರಲಿಲ್ಲ. ಕೆಳಗೆ ಇಳಿಯಬೇಕಾದ ಎರಡನ್ನೂ ಎತ್ತಿ ಸಾಲಿನಲ್ಲಿ ನಿಲ್ಲಿಸಿಬಿಟ್ಟಿತ್ತು.

"ಅಷ್ಟಕ್ಕೂ ಇಲ್ಲಿ ಯಾರು ಓದ್ತಾರೆ ಅದನ್ನು?" ಎಂದಳು ವಿನೀತಾ.

"ನಾನು ಓದ್ತೇನೆ."

"ನೀನು ಓದುವವನಾಗಿದ್ದರೆ ಶಾಲೆ ಬಿಟ್ಟು ಜನರ ಸೋಫಾ ಹೊರ್ತಿರಲಿಲ್ಲ."

ಫೋರ್ಕು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನೀಲ್ ಪುಡಿಸಕ್ಕರೆಯ ಪೊಟ್ಟಣ ಹಲ್ಲಿನಿಂದ ಹರಿದು ಪಾತ್ರೆಗೆ ಸುರಿದ. ನಾಲ್ಕು ಹನಿ ವಿನೆಗರ್ ಬಿಟ್ಟ. ಮೇಜಿನ ಮೇಲೆಲ್ಲ ಬಿಳಿ ಧೂಳು ಎದ್ದಿತು. ವಿನೀತಾ ತನ್ನ ಕರಿ ಕೋಟನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಅವಳ ದನಿ ತಗ್ಗಿತು. ತಗ್ಗಿದ್ದೇ ಹೆಚ್ಚು ಅಪಾಯ ಎಂದು ಅವನಿಗೆ ಗೊತ್ತಿತ್ತು. ಸಾವಾದ ಮನೆಯವರು ಆ ವರ್ಷ ಕುಸ್ವಾರ್ ಮಾಡುವುದಿಲ್ಲ, ಕ್ರಿಸ್ಮಸ್ಸಿನ ಯಾವ ತಿಂಡಿಯನ್ನೂ ಮಾಡುವುದಿಲ್ಲ, ಬೇರೆಯವರು ಕೊಟ್ಟರೆ ತಿನ್ನಬಹುದು ಅಷ್ಟೇ, ಇವತ್ತು ಬರುವ ಅರುವತ್ತು ಜನರ ಎದುರು ನಮ್ಮ ಮರ್ಯಾದೆ ತೆಗೆಯಬೇಡ ಎಂದಳು.

"ಇದನ್ನು ಬೇಯಿಸಿದ್ದು ಮಮ್ಮಿ. ಸಾಯುವ ಮೊದಲು."

"ಸಿಂಗಾರ ಮಾಡ್ತಿರುವುದು ನೀನು. ಸತ್ತ ಮೇಲೆ."

ಗಲಾಟೆ ಕೇಳಿ ಅವನ ಅಕ್ಕ ಮೆಲಿಸಾ ಬಂದಳು. ಅತ್ತತ್ತು ಅವಳ ಮೂಗು ಕೆಂಪಾಗಿತ್ತು. ಅವಳಿಗೆ ಕನ್ನಡದ ಒಂದು ಅಕ್ಷರವೂ ಬಾರದು. "ಸ್ಲುಟಾ, ನೀಲ್," ಎಂದಳು ಸ್ವೀಡಿಷ್‌ನಲ್ಲಿ. ಸಾಕು, ನಿಲ್ಲಿಸು. ಇವತ್ತೊಂದು ದಿನ ಜಗಳ ಬೇಡ.

ನೀಲ್ ಅವಳತ್ತ ತಿರುಗಿದ್ದೇ ತಪ್ಪಾಯಿತು. ವಿನೀತಾ ಡಬ್ಬಿಯ ಮುಚ್ಚಳ ಅಮುಕಿ, ಎದೆಗೆ ಅವಚಿಕೊಂಡು ಹಿಂಬಾಗಿಲಿನಿಂದ ಹೊರಟೇಬಿಟ್ಟಳು. ಹೊರಗೆ ಅವಳ ಕಾರಿನ ಡಿಕ್ಕಿ ಧಡಾರನೆ ಮುಚ್ಚಿತು. ಕೀಲಿಯ ಪೀಂ ಸದ್ದೂ ಕೇಳಿಸಿತು.

ಪಾತ್ರೆಯಲ್ಲಿ ಐಸಿಂಗ್ ಹದಕ್ಕೆ ಬಂದಿತ್ತು. ಫೋರ್ಕಿನಿಂದ ಎಳೆದ ಗೆರೆ ಎಳೆದಲ್ಲೇ ನಿಂತಿತು.

*

ಆಗ ಅವನಿಗೆ ಏಳು ವರ್ಷ. ಸುಂಡ್‌ಬೀಬರ್ಯ್ ಎಂಬ ಊರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಮಧ್ಯಾಹ್ನ ಮೂರಕ್ಕೇ ಕತ್ತಲು.

ಹುಡುಗ ಓದುವುದರಲ್ಲಿ ಹಿಂದೆ, ಅಕ್ಷರಗಳು ಅವನಿಗೆ ತಲೆಕೆಳಗಾಗುತ್ತವೆ ಎಂದು ಶಾಲೆಯವರು ಹೇಳಿ ಕಳಿಸಿದ್ದರು. ಅಪ್ಪ ವಲೇರಿಯನ್ ಇಂಜಿನಿಯರು. ಎಂಜಿನ್ನು ಕೆಟ್ಟರೆ ಯಾವ ಭಾಗ ಬಿಚ್ಚಬೇಕು ಎಂದು ತಿಳಿದವನು. ಆ ಭಾಗ ಅವನಿಗೆ ತಕ್ಷಣ ಸಿಕ್ಕಿತು. ಮನೆಯಲ್ಲಿದ್ದ ಕನ್ನಡ ಬಾಲಬೋಧೆ, ಸ್ಲೇಟು, ಊರಿನಿಂದ ತರಿಸಿದ ಎರಡು ಕಾಪಿ ಪುಸ್ತಕ ಎಲ್ಲವನ್ನೂ ಚೀಲಕ್ಕೆ ತುಂಬಿ ಕೆಳಗಿನ ಕಸದ ಕೋಣೆಗೆ ಹಾಕಿಬಂದ. "ಎರಡೆರಡು ಲಿಪಿ ತುಂಬಿಸಿ ಮಗುವಿನ ತಲೆ ಕಲಸಿದ್ದಿ ನೀನು," ಎಂದ ಹೆಂಡತಿಗೆ. "ಇನ್ನು ಈ ಮನೆಯಲ್ಲಿ ಅದು ಬೇಡ. ಬರೆಯುವುದೂ ಬೇಡ, ಓದುವುದೂ ಬೇಡ."

ಕ್ಲೋಟಿಲ್ಡಾ ಕಿನ್ನಿಗೋಳಿಯ ಹತ್ತಿರದ ಶಾಲೆಯಲ್ಲಿ ಒಂಬತ್ತು ವರ್ಷ ಕನ್ನಡ ಟೀಚರ್ ಆಗಿದ್ದವಳು. ಇಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಬೇಯಿಸಿದ ಆಲೂಗಡ್ಡೆ ಬಡಿಸುತ್ತಿದ್ದಳು. ಗಂಡನಿಗೆ ಎದುರಾಡಲಿಲ್ಲ. ಡಿಸೆಂಬರ್ ಬರುವವರೆಗೆ ಕಾದಳು.

ಬೇಕಿಂಗ್ ಪೇಪರನ್ನು ಮುಕ್ಕೋನವಾಗಿ ಕತ್ತರಿಸಿ, ಮೆಹೆಂದಿ ಕೋನಿನ ಹಾಗೆ ಸುತ್ತಿ, ಐಸಿಂಗ್ ತುಂಬಿ, ತುದಿಯನ್ನು ಸೂಜಿಮೊನೆಯಷ್ಟು ಕತ್ತರಿಸಿದಳು. ದುಂಡು ಬಿಸ್ಕತ್ತಿನ ಮೇಲೆ 'ಅ' ಬರೆದಳು. ಸುತ್ತ ಬಳ್ಳಿ, ಚುಕ್ಕಿ, ಹಿಮದ ಹೂವು. "ಇದು ಎಂತ ಹೇಳು ಪುತಾ. ಹೇಳಿದರೆ ತಿನ್ನಬಹುದು."

ಹೇಳಿದ. ತಿಂದ.

ಅಪ್ಪ ಹಿಂದಿನಿಂದ ಹಾದುಹೋಗುತ್ತ ಒಂದು ಕಣ್ಣು ಹಾಯಿಸಿ, ಡಿಸೈನ್ ಚೆನ್ನಾಗಿದೆ ಎಂದ. ತಾಯಿ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದ್ದರೆ ನಗು ತಡೆಯುತ್ತಿರಲಿಲ್ಲ.

ಒಂದು ಡಿಸೆಂಬರಿಗೆ ಹತ್ತು ಹನ್ನೆರಡು ಅಕ್ಷರ, ಅದಕ್ಕಿಂತ ಹೆಚ್ಚು ತಿಂದರೆ ಹೊಟ್ಟೆನೋವು. ಸ್ವರಕ್ಕೆ ಒಂದು ವರ್ಷ ಹೋಯಿತು, ವ್ಯಂಜನಕ್ಕೆ ಮೂರು, ಕಾಗುಣಿತಕ್ಕೆ ಒಂದು. ಬೇರೆ ಲಿಪಿಯಲ್ಲಿ ತಲೆಕೆಳಗಾಗುತ್ತಿದ್ದ ಅಕ್ಷರಗಳು ಇದರಲ್ಲಿ ನೆಟ್ಟಗೆ ನಿಂತವು, ನಾಲಿಗೆಗೆ ಸಿಕ್ಕಿದ್ದರಿಂದಲೋ ಏನೋ. ಆರನೆಯ ಡಿಸೆಂಬರಿನಲ್ಲಿ ಒತ್ತಕ್ಷರ. ಅದರ ಕೊನೆಯ ಪಾಠ ಅವಳದೇ ಹೆಸರು, ಒಂದೇ ಹೆಸರಿನಲ್ಲಿ ಎರಡು ಒತ್ತು. ಅವನು 'ಕೋ' ಬರೆದು ಕೆಳಗೆ ಲ ಒತ್ತು ಕೊಡಹೋದರೆ ಬಿಸ್ಕತ್ತು ಮುಗಿದೇಹೋಗಿತ್ತು.

"ಕೆಳಗೆ ಜಾಗ ಬಿಟ್ಟುಕೊಂಡೇ ಶುರು ಮಾಡಬೇಕು ಪುತಾ," ಎಂದಳು. "ಮೇಲಿನದನ್ನೇ ಇಷ್ಟು ದೊಡ್ಡದು ಬರೆದರೆ ಒತ್ತಕ್ಷರ ಎಲ್ಲಿಗೆ ಹೋಗಬೇಕು?"

ಆಮೇಲೆ ಹಂಚುವ ಡಬ್ಬಿಗಳನ್ನು ತುಂಬಲು ಕುಳಿತಳು. ನೆರೆಮನೆಗೆ ಒಂದು, ಜೊತೆ ಕೆಲಸದವರಿಗೆ ಒಂದು, ಗಂಡನ ಅಕ್ಕ ವಿನೀತಾಳಿಗೆ ಒಂದು. ವಿನೀತಾಳ ಡಬ್ಬಿಯ ಮೇಲಿನ ಬಿಸ್ಕತ್ತು ಎಲ್ಲಕ್ಕಿಂತ ಚೆಂದ. ಅಂಚಿಗೆ ಜರಿಯ ಹಾಗೆ ಚುಕ್ಕಿ, ನಡುವೆ ಮುತ್ತಿನಂಥ ಅಕ್ಷರ. ನೀಲ್ ಒಂದೊಂದೇ ಕೂಡಿಸಿ ಓದಿದ. ಬಾಯಿ. ಮುಚ್ಚು.

ಅವನ ಕಣ್ಣು ಅಗಲವಾಯಿತು. ಆಂಟಿಗೆ ಕನ್ನಡ ಬರುತ್ತದೆ ಎಂದು ನೆನಪಿಸಿದ.

"ಬರ್ತದೆ. ನೋಡುವುದಿಲ್ಲ," ಎಂದಳು ಕ್ಲೋಟಿಲ್ಡಾ, ಕೋನಿನ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತ. "ಪ್ರತಿ ವರ್ಷ ಇದನ್ನೇ ಬರೀತೇನೆ. ಸೀದಾ ಆಫೀಸಿಗೆ ಕೊಂಡುಹೋಗಿ ಇಡ್ತಾಳೆ. ಅವಳು ಓದಿದ ದಿನ ನಾನು ಕ್ಷಮೆ ಕೇಳ್ತೇನೆ."

ಹದಿನಾಲ್ಕು ವರ್ಷ ಬರೆದಳು. ಕ್ಷಮೆ ಕೇಳುವ ಪ್ರಸಂಗ ಬರಲಿಲ್ಲ.

*

ಹತ್ತೂವರೆಗೆ ಜನ ಬರತೊಡಗಿದರು. ಬೂಟಿನ ಹಿಮ ಒದರಿ, ದಪ್ಪ ಜಾಕೆಟ್ಟು ತೂಗುಹಾಕಿ, ಒಳಗಿನ ಕರಿಬಟ್ಟೆ ಸರಿಮಾಡಿಕೊಂಡು ನಿಂತರು. ಕರಾವಳಿಯ ಮನೆಗಳವರು, ಇಲ್ಲಿನ ಕನ್ನಡ ಕೂಟದ ಬೆಂಗಳೂರಿನವರು, ಶಾಲೆಯ ಅಡುಗೆಮನೆಯ ನಾಲ್ಕು ಹೆಂಗಸರು. ಮಾತು ಮೊದಲು ಕ್ಲೋಟಿಲ್ಡಾಳದ್ದೇ ಇತ್ತು. ಎಷ್ಟು ಪಾಪದವರು, ಒಂದು ಮಾತು ಆಡಿದವರಲ್ಲ ಎಂದರು. ಐದು ನಿಮಿಷದಲ್ಲಿ ಅದು ಊರಿನ ವಿಮಾನದ ಟಿಕೆಟ್ಟಿಗೆ, ಮಕ್ಕಳ ಡಾಗಿಸ್ ಶಿಶುವಿಹಾರಕ್ಕೆ ಹೊರಳಿತು.

ನೀಲ್ ಗೋಡೆಗೆ ಒರಗಿ ನಿಂತಿದ್ದ. ಕೋಟಿನ ಒಳಜೇಬಿನಲ್ಲಿ ಐಸಿಂಗ್ ತುಂಬಿದ ಕೋನ್ ಇತ್ತು, ತುದಿಗೆ ಒದ್ದೆ ಕರ್ಚೀಫು. ಯಾಕೆ ತುಂಬಿದೆನೆಂದು ಅವನಿಗೇ ಗೊತ್ತಿರಲಿಲ್ಲ. ಬರೆಯಲು ಬಿಸ್ಕತ್ತು ಇರಲಿಲ್ಲ. ಚೆಲ್ಲಲು ಮನಸ್ಸಿರಲಿಲ್ಲ. ಒಂದು ಮಾತು ಆಡಿದವರಲ್ಲ ಎಂದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಇಷ್ಟೂ ವರ್ಷ ಇವರ ಮನೆಮನೆಗೆ ಡಬ್ಬಿ ಹೋಗಿತ್ತು.

ನೆರೆಮನೆಯ ರಮಾ ಹತ್ತಿರ ಬಂದು ಅವನ ಮುಂಗೈ ಹಿಡಿದಳು. ಬೆಂಗಳೂರಿನವಳು. "ನನ್ ಡಬ್ಬೀಲಿ ಹೋದ್ ವರ್ಷ ಏನ್ ಬರ್ದಿದ್ರು ಗೊತ್ತಾ? 'ನಾಳೆ ಚಾಕ್ಕೆ ಬಾ' ಅಂತ. ನಾನು ಓದ್ದೆ ಕಣಪ್ಪ. ಹೋಗಕ್ಕೆ ಟೈಮ್ ಆಗ್ಲಿಲ್ಲ," ಎಂದು ಹೇಳಿ ಹೋದಳು. ಓದಿದವಳ ಮೇಲೂ ಅವನಿಗೆ ಸಿಟ್ಟೇ ಬಂತು.

ಆಮೇಲೆ ಬಂದವಳು ಗುನ್ನೆಲ್. ತಾಯಿಯ ಅಡುಗೆಮನೆಯ ಮುಖ್ಯಸ್ಥೆ, ಬಾಗಿಲಷ್ಟು ಅಗಲದ ಮುದುಕಿ. ಕೈಚೀಲದಿಂದ ಟಿಷ್ಯೂ ಕಾಗದದ ಪೊಟ್ಟಣ ತೆಗೆದು ಅಂಗೈಯಲ್ಲಿ ಬಿಚ್ಚಿದಳು. ಹಳೆಯ ಪೆಪ್ಪರ್‌ಕಾಕಾ, ಕಲ್ಲಾಗಿಹೋಗಿತ್ತು. ಕ್ಲೋಟಿಲ್ಡಾ ಕೊಟ್ಟ ಮೊದಲನೆಯದು, ಇಷ್ಟು ಚಂದ ಇದ್ದದ್ದಕ್ಕೆ ತಿನ್ನಲು ಮನಸ್ಸಾಗದೆ ಹನ್ನೊಂದು ವರ್ಷದಿಂದ ಕಪಾಟಿನಲ್ಲಿ ಇಟ್ಟಿದ್ದೇನೆ ಎಂದಳು ಸ್ವೀಡಿಷ್‌ನಲ್ಲಿ. ಇದು ತನ್ನ ಹೆಸರೇ ಇರಬೇಕಲ್ಲ?

ನೀಲ್ ನೋಡಿದ. ಬಳ್ಳಿಯ ನಡುವೆ ದುಂಡು ಅಕ್ಷರದಲ್ಲಿ ಇತ್ತು: ಉಪ್ಪು ಹಾಕು.

ಹೌದು ನಿಮ್ಮ ಹೆಸರೇ ಎಂದು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಹಾಲ್‌ನ ಆ ತುದಿಯಲ್ಲಿ ವಿನೀತಾಳ ನಗು ಕೇಳಿಸಿತು. ಯಾರಿಗೋ ಹೂವಿನ ವ್ಯವಸ್ಥೆ ವಿವರಿಸುತ್ತಿದ್ದಳು. "ನಿಮ್ಮ ಅಡುಗೆಗೆ ಉಪ್ಪು ಸಾಲದು ಅಂತ ಬರೆದಿದ್ದಾಳೆ," ಎಂದುಬಿಟ್ಟ.

ಗುನ್ನೆಲ್ ಬಿಸ್ಕತ್ತನ್ನು ನೋಡಿದಳು. ಅವಳ ದೊಡ್ಡ ಭುಜ ಅಲುಗತೊಡಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, ಅವಳ ಭಾಷೆಯಲ್ಲಿ ಅದನ್ನು ಹೇಳುವುದು ಹೇಗೆ ಎಂದು ಕೇಳಿದಳು. ನೀಲ್ ಹೇಳಿಕೊಟ್ಟ. ಉಪ್ಪು, ಎಂದಳು. ಪ ಒತ್ತು ಸರಿಯಾಗಿ ಬಂತು.

*

ಆಗ ಅವನಿಗೆ ಹದಿನೇಳು. ಶಾಲೆಗೆ ಹೋಗುವುದನ್ನು ನಿಲ್ಲಿಸಿ ಮೂರು ವಾರವಾಗಿತ್ತು. ಶಾಲೆಯ ಕಾಗದ ಮನೆಗೆ ಬಂದದ್ದು ಡಿಸೆಂಬರಿನ ಲೂಸಿಯಾ ಹಬ್ಬದ ದಿನ, ವಿನೀತಾಳ ಸಂಸಾರ ಕಾಫಿಗೆ ಬಂದಿದ್ದಾಗ.

ವಲೇರಿಯನ್ ಅದನ್ನು ಎಲ್ಲರೆದುರು ಓದಿದ. ಮಡಚಿ ಕಪ್ಪಿನ ಕೆಳಗೆ ಇಟ್ಟ. "ನನಗೆ ಹುಟ್ಟಿದ್ದು ಒಬ್ಬ ಅನಕ್ಷರಸ್ಥ," ಎಂದ. ಯಾವ ಸಿಟ್ಟೂ ಇಲ್ಲದೆ, ಕೆಟ್ಟ ಭಾಗದ ನಂಬರ್ ಹೇಳಿದ ಹಾಗೆ ಹೇಳಿದ. ವಿನೀತಾ ಚಮಚ ತಿರುಗಿಸುತ್ತ, ಬ್ಲಡ್ಡಿನಲ್ಲಿ ಇರಬೇಕಲ್ಲ ಎಂದಳು, ನಮ್ಮ ಕಡೆ ಯಾರೂ ಹೀಗಿಲ್ಲ.

ನೀಲ್ ತಾಯಿಯನ್ನು ನೋಡಿದ. ಅವನಿಗೆ ಅಕ್ಷರ ಬರುತ್ತದೆ ಎಂದು ಈ ಭೂಮಿಯ ಮೇಲೆ ಗೊತ್ತಿದ್ದವಳು ಅವಳೊಬ್ಬಳೇ. ಹೇಳಬಹುದಿತ್ತು. ಒಂದು ಬಿಸ್ಕತ್ತು ಎತ್ತಿ ಅವನ ಕೈಗೆ ಕೊಟ್ಟು ಓದು ಎಂದಿದ್ದರೂ ಸಾಕಿತ್ತು. ಅವಳು ತಲೆ ಎತ್ತಲಿಲ್ಲ. ಮೇಜಿನ ತುದಿಯಲ್ಲಿ ಕುಳಿತು ಐಸಿಂಗ್ ಬರೆಯುತ್ತಲೇ ಇದ್ದಳು.

ಅವರೆಲ್ಲ ಹೋದ ಮೇಲೆ ಅವನ ಮುಂದೆ ಒಂದು ತಟ್ಟೆ ಸರಿಸಿದಳು. ಆ ವರ್ಷದ ಎಲ್ಲಕ್ಕಿಂತ ದೊಡ್ಡ ಬಿಸ್ಕತ್ತು. ಅಂಚಿನಲ್ಲಿ ಬಳ್ಳಿಯಿಲ್ಲ, ಚುಕ್ಕಿಯಿಲ್ಲ. ಮೂರು ಸಾಲು, ಒತ್ತೊತ್ತಾಗಿ, ಅಂಚಿನಿಂದ ಅಂಚಿಗೆ. ಅಷ್ಟು ಉದ್ದದ್ದನ್ನು ಅವಳು ಯಾರಿಗೂ ಬರೆದಿರಲಿಲ್ಲ.

ಅವನು ಓದಲಿಲ್ಲ. ಅವಳ ಮುಖವನ್ನೇ ನೋಡುತ್ತ ಬಿಸ್ಕತ್ತನ್ನು ಮುಷ್ಟಿಯಲ್ಲಿ ಹಿಡಿದು ಪುಡಿ ಮಾಡಿದ. ಮೇಜಿನ ಮೇಲೆ ಸುರಿದು ಎದ್ದುಹೋದ. ಬಾಗಿಲಲ್ಲಿ ಬೂಟಿನ ದಾರ ಕಟ್ಟುವಾಗ ನೋಡಿದರೆ, ಅವಳು ಬೆರಳನ್ನು ನೀರಿಗೆ ಅದ್ದಿ ಪುಡಿಯನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು.

ಆ ಮೂರು ಸಾಲು ಏನಿತ್ತೆಂದು ಮತ್ತೆ ಕೇಳಲಿಲ್ಲ. ಒಂದು ವರ್ಷ ಬೇರೆ ಕೋಣೆ ಹಿಡಿದುಕೊಂಡಿದ್ದ, ಆಮೇಲೆ ಹೋಗಿಬಂದು ಮಾಡತೊಡಗಿದ. ಆಗೆಲ್ಲ ಅವನ ಬಿಸ್ಕತ್ತಿನ ಮೇಲೆ ಇರುತ್ತಿದ್ದದ್ದು ನೀಲ್ ಎಂದಷ್ಟೇ. ಈ ಡಿಸೆಂಬರಿನಲ್ಲಿ ಕೇಳಬೇಕೆಂದಿದ್ದ.

*

ಪೂಜೆ ಮುಗಿಯಿತು. ಪಾದ್ರಿ ಪೆಟ್ಟಿಗೆಗೆ ತೀರ್ಥ ಚಿಮುಕಿಸಿ ಪಕ್ಕಕ್ಕೆ ನಿಂತರು. ಇನ್ನು ಒಬ್ಬೊಬ್ಬರಾಗಿ ಹೋಗಿ ಒಂದೊಂದು ಹೂವಿಟ್ಟು ಬರಬೇಕು. ಕರಿಬಟ್ಟೆಯ ಕಂಪನಿಯವನು ಬಕೆಟ್ಟಿನಿಂದ ಬಿಳಿ ಗುಲಾಬಿ ಎತ್ತಿ ಹಂಚುತ್ತಿದ್ದ. ವಿನೀತಾ ಸಾಲಿನ ಪಕ್ಕದಲ್ಲಿ ನಿಂತು ಯಾರು ಮೊದಲು ಯಾರು ಆಮೇಲೆ ಎಂದು ಕಣ್ಣಲ್ಲೇ ನಡೆಸುತ್ತಿದ್ದಳು.

ವಲೇರಿಯನ್ ಇಟ್ಟು ಬಂದ. ಮೆಲಿಸಾ ಇಟ್ಟಳು, ಮುತ್ತಿಟ್ಟಳು, ಬಂದಳು. ನೀಲ್ ಎದ್ದ.

ಹತ್ತಿರ ಹೋಗುವವರೆಗೆ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಪೆಟ್ಟಿಗೆಯನ್ನು ನೋಡಿದ. ಬಿಳಿಯದು ಬೇಡ, ಬೇಗ ಕೊಳೆ ಕಾಣುತ್ತದೆ ಎಂದು ವಿನೀತಾ ಕಂದು ಬಣ್ಣದ್ದು ಆರಿಸಿದ್ದಳು. ನುಣ್ಣಗಿತ್ತು. ಹದವಾಗಿ ಬೆಂದು, ಟ್ರೇಯಿಂದ ಆಗತಾನೆ ಎತ್ತಿದ ಬಣ್ಣ. ಮೇಲೆ ಹೂಮಾಲೆ, ಅದರ ರಿಬ್ಬನ್ನು ಮುಚ್ಚಳದ ಮೇಲೆ ಉದ್ದಕ್ಕೆ ಬಿದ್ದಿತ್ತು. ಕಲೋಟಿಲಡಾ.

ಗುಲಾಬಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಮಾಲೆಯನ್ನು ಎರಡೂ ಕೈಯಿಂದ, ಗಾಜಿನ ಕಪಾಟು ಎತ್ತುವ ಹಾಗೆ, ಸೊಂಟ ಬಗ್ಗಿಸದೆ ಎತ್ತಿ ನೆಲಕ್ಕೆ ಇಳಿಸಿ, ರಿಬ್ಬನ್ನು ಗೋಡೆಯ ಕಡೆಗೆ ತಿರುಗಿಸಿ ಒರಗಿಸಿದ. ಮುಚ್ಚಳ ಬಯಲಾಯಿತು. ಜೇಬಿನಿಂದ ಕೋನ್ ತೆಗೆದ. ಕರ್ಚೀಫು ಬಿಚ್ಚಿದ. ಎಲ್ಲಿ ಶುರು ಮಾಡಬೇಕು ಎಂದು ಅಂಗೈಯಿಂದ ಅಳೆದ. ಕೆಳಗೆ ಜಾಗ ಬಿಟ್ಟುಕೊಂಡ.

ಕ ಬರೆದ. ಒತ್ವ ಎಳೆದು ದೀರ್ಘ ಕೊಟ್ಟ. ಹಿಂದೆ ಯಾರೋ ಉಸಿರು ಎಳೆದುಕೊಂಡರು. ಕೆಳಗೆ ಲ ಒತ್ತು. ಕಂಪನಿಯವನು ಒಂದು ಹೆಜ್ಜೆ ಮುಂದೆ ಇಟ್ಟು ಪಾದ್ರಿಯ ಮುಖ ನೋಡಿದ. ಪಾದ್ರಿ ಏನೂ ಹೇಳದಿದ್ದರಿಂದ ಅಲ್ಲೇ ನಿಂತ. ಟಿ.

"ವ್ಯಾಲಿ," ಎಂದಳು ವಿನೀತಾ ತಮ್ಮನಿಗೆ, ಹಲ್ಲಿನ ನಡುವೆ. "ಹೋಗು. ಹಿಡಿ ಅವನನ್ನು."

ಬೆಂಚು ಕಿರುಗುಟ್ಟಿತು. ಹಿಂದೆ ಬೂಟಿನ ಸದ್ದು ಹತ್ತಿರವಾಯಿತು. ನೀಲ್ ಬೆನ್ನು ಬಿಗಿಮಾಡಿಕೊಂಡ. ಕಾಲರ್ ಹಿಡಿದರೆ ತಿರುಗಿ ಹೊಡೆಯುವುದು ಎಂದು ತೀರ್ಮಾನ ಮಾಡಿಕೊಂಡೇ ಲಾ ಬರೆದ. ಅಪ್ಪನನ್ನು ಹೊಡೆಯಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ ಎಂದೂ ಅನ್ನಿಸಿತು. ಡ ಒತ್ತು ಇಳಿಸಿ ಮುಗಿಸಿದ.

ವಲೇರಿಯನ್ ಪಕ್ಕದಲ್ಲಿ ನಿಂತಿದ್ದ. ಕೈ ಎರಡೂ ಕೆಳಗೇ ಇದ್ದವು. ಮುಚ್ಚಳದ ಮೇಲಿನ ಬಿಳಿಯನ್ನು ಬಹಳ ಹೊತ್ತು ನೋಡಿದ. ಕಸದ ಕೋಣೆಗೆ ಚೀಲ ಹಾಕಿ ಹದಿನಾರು ವರ್ಷವಾಗಿತ್ತು.

"ಲ ಒತ್ತು ಸಣ್ಣ ಆಯ್ತು," ಎಂದ.

ನೀಲ್‌ನ ಕಿವಿ ಕಾದುಹೋಯಿತು. ಈ ಮನುಷ್ಯನಿಗೆ ಇವತ್ತೂ ಕಂಡದ್ದು ತಪ್ಪೊಂದೇ. ಹಲ್ಲಿನ ನಡುವಿನ ಗುಲಾಬಿ ಕಡ್ಡಿ ಮುರಿಯಿತು. ಆದರೆ ಕೈ ಅದರ ಪಾಡಿಗೆ ಹಿಂದಕ್ಕೆ ಹೋಗಿ, ಲ ಒತ್ತಿನ ಬಾಲವನ್ನು ಹಿಡಿದು, ಇನ್ನಷ್ಟು ಕೆಳಗೆ ಎಳೆಯಿತು. ಕೋನ್ ಬರಿದಾಯಿತು. ಮುರಿದ ಗುಲಾಬಿಯನ್ನು ಅಂಚಿನಲ್ಲಿ ಇಟ್ಟ.

ಇಬ್ಬರೂ ಬೆಂಚಿಗೆ ಬಂದು, ನಡುವೆ ಒಬ್ಬರ ಜಾಗ ಬಿಟ್ಟು ಕುಳಿತರು.

ಸಾಲು ಮತ್ತೆ ಹೊರಟಿತು. ಆದರೆ ಮೊದಲಿನ ಹಾಗೆ ಸಾಗಲಿಲ್ಲ. ಮಾಲೆಯಿದ್ದಾಗ ಹೂವನ್ನು ಅದರ ಮೇಲೆ ಎಸೆದು ಹೋಗಬಹುದಿತ್ತು. ಈಗ ಹೆಸರು ಹಸಿಯಾಗಿತ್ತು. ಒಂದು ಎಸಳು ತಾಗಿದರೆ ಅಳಿಸುತ್ತಿತ್ತು. ಬಂದವರೆಲ್ಲ ನಿಂತು, ಬಗ್ಗಿ, ಅಕ್ಷರ ಎಲ್ಲಿ ಮುಗಿಯುತ್ತದೆ ಎಂದು ನೋಡಿ, ಆಮೇಲೆ ಹೂವಿಗೆ ಜಾಗ ಹುಡುಕಬೇಕಾಯಿತು. ನೋಡಿದವರ ತುಟಿ ತಾನಾಗಿ ಅಲುಗುತ್ತಿತ್ತು. ಬೆಂಗಳೂರಿನವನೊಬ್ಬ ಸಣ್ಣಗೆ ಓದಿ ತನ್ನ ಹೆಂಡತಿಗೆ ತೋರಿಸಿದ. ರಮಾ ಓದಿ, ನಿಂತೇ ಇದ್ದಳು, ಹಿಂದಿನವರು ಮುಟ್ಟಿ ಎಚ್ಚರಿಸಬೇಕಾಯಿತು. ಗುನ್ನೆಲ್ ಹೂವನ್ನು ಅಂಚಿಗೆ ಒತ್ತಿಟ್ಟು, ತನಗೆ ಬರುವ ಒಂದೇ ಮಾತನ್ನು ಪೆಟ್ಟಿಗೆಗೆ ಹೇಳಿದಳು. ಉಪ್ಪು. ಕಂಪನಿಯವನು ಎರಡು ಸಲ ಗಡಿಯಾರ ನೋಡಿದ.

ಕೊನೆಗೆ ವಿನೀತಾ ಉಳಿದಳು. ಇಡೀ ಚರ್ಚು ನೋಡುತ್ತಿತ್ತು, ಹೋಗದೆ ಇರುವ ಹಾಗಿರಲಿಲ್ಲ. ನೆಟ್ಟಗೆ ನಡೆದು ಹೋದಳು. ಅವಳ ಎಡಗೈಯಲ್ಲಿ ಮಡಚಿದ ಟಿಷ್ಯೂ ಇರುವುದನ್ನು ನೀಲ್ ಗಮನಿಸಿದ. ಒಂದು ಸಲ ಒರೆಸಿದರೆ ಮುಗಿಯಿತು. ಅವನು ಬೆಂಚಿನಿಂದ ಅರ್ಧ ಎದ್ದ.

ಅವಳು ಗುಲಾಬಿಯನ್ನು ಇಡಲು ಬಗ್ಗಿದಳು. ಇಡಲಿಲ್ಲ. ಅರುವತ್ತು ಹೂಗಳು ಅಂಚಿನ ಸುತ್ತ ತುಂಬಿಹೋಗಿದ್ದವು. ಹೂವು ಎಲ್ಲಿ ಮುಗಿದು ಬಿಳಿ ಅಕ್ಷರ ಎಲ್ಲಿ ಶುರುವಾಗುತ್ತದೆ ಎಂದು ಅವಳ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಕತ್ತು ಹಿಂದಕ್ಕೆ ತೆಗೆದಳು, ಮುಂದಕ್ಕೆ ತಂದಳು. ಗುಲಾಬಿ ಹಿಡಿದ ಕೈ ಹೆಸರಿನ ಮೇಲೆ ಗಾಳಿಯಲ್ಲಿ ಅತ್ತಿತ್ತ ತೂಗಿತು. ಹಿಂದೆ ಯಾರೋ ಕೆಮ್ಮಿದರು.

ಆಮೇಲೆ, ಅಷ್ಟೂ ಜನರ ಎದುರು, ಅವಳು ಬ್ಯಾಗಿನ ಜಿಪ್ಪು ಎಳೆದಳು. ಟಿಷ್ಯೂ ಒಳಗೆ ಹೋಯಿತು, ಕನ್ನಡಕ ಹೊರಗೆ ಬಂತು. ಒಂದೇ ಕೈಯಲ್ಲಿ ಬಿಡಿಸಲಾಗದೆ ಗುಲಾಬಿಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ಬಿಡಿಸಿ ಹಾಕಿಕೊಂಡಳು. ಮತ್ತೆ ಬಗ್ಗಿದಳು. ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಅವಳ ತುಟಿ ಒಂದೊಂದಾಗಿ ಅಕ್ಷರ ಹಿಡಿಯತೊಡಗಿತು. ಲ ಒತ್ತಿನ ಬಾಲದ ತುದಿಯಲ್ಲಿ ಐಸಿಂಗ್ ಇನ್ನೂ ಒಣಗಿರಲಿಲ್ಲ.